ಒಂಟಿ ವಿಮಾನಕ್ಕೊಂದು ನೆರೆಯ ದನಿ

ಮಸ್ಕಿಯ ಬಾನಿನಲ್ಲಿ ಪುಟ್ಟ ಖಾಸಗಿ ವಿಮಾನವೊಂದು ಹಾರುತ್ತಿದೆಯೆಂದು ಭಾವಿಸಿರಿ. ಕೆಳಗೆ, 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವಿರುವ ಗುಡ್ಡ. ದೂರದ ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ. ಬಾನು ತಿಳಿಯಾಗಿದ್ದರೆ ಕಾಲುವೆಯೇ ದಾರಿ ತೋರುತ್ತದೆ. ಕಣ್ಣಿದ್ದವನಿಗೆ ರೇಡಿಯೋದ ಹಂಗೇಕೆ ಎಂದು ಕೇಳುವವರುಂಟು.

ಹಾರಾಟ ಮಾಹಿತಿ ಸೇವೆಯು ಅಪ್ಪಣೆ ಕೊಡುವ ಯಜಮಾನನಲ್ಲ. ಸುದ್ದಿ ತಿಳಿಸುವ ನೆರೆಯವನು. ಮುಂದೆ ಕವಿದಿರುವ ಗುಡುಗುಮೋಡ, ನಿಲ್ದಾಣದ ಸ್ಥಿತಿ, ತನಗೆ ತಿಳಿದಷ್ಟು ಇತರ ವಿಮಾನಗಳ ಸುಳಿವು—ಇವನ್ನು ಹೇಳುತ್ತದೆ. ತೀರ್ಮಾನ ಚಾಲಕನದೇ; ಸುತ್ತ ನೋಡುವ ಹೊಣೆಯೂ ಅವನದೇ. ತೀರ ಕೆಳಗೆ ಹಾರಿದರೆ, ಗುಡ್ಡ ಅಡ್ಡಬಂದರೆ, ದನಿ ಕೇಳಿಸದೆಯೂ ಹೋದೀತು. ಆದುದರಿಂದಲೇ ಮೊದಲು ವಿಮಾನ, ಬಳಿಕ ದಾರಿ, ಕೊನೆಗೆ ಮಾತು ಎಂಬುದು ವೈಮಾನಿಕರ ಪಾಠ.

ಆದರೂ ಕೊನೆಯದಾದ ಆ ಮಾತು ಕ್ಷುಲ್ಲಕವಲ್ಲ. ಬರಬೇಕಾದ ಕರೆ ಬಾರದೆ 30 ನಿಮಿಷ ಕಳೆದರೆ, ಅಂತರರಾಷ್ಟ್ರೀಯ ನಿಯಮದಂತೆ ವಿಮಾನದ ಸುರಕ್ಷತೆ ಸಂಶಯಾಸ್ಪದವೆಂದೆಣಿಸಿ ವಿಚಾರಣೆ ತೊಡಗುತ್ತದೆ. ಎಂಜಿನ್ ಕೆಟ್ಟು ಯಾವುದೋ ಹೊಲದಲ್ಲಿ ಇಳಿದವನನ್ನು ಹುಡುಕಹೊರಟವರಿಗೆ, ಅವನು ಕಡೆಯದಾಗಿ ನುಡಿದ ಊರಿನ ಹೆಸರೇ ದೊಡ್ಡ ಆಧಾರ. ಬಂಡೆಯ ಮೇಲಿನ ಅಕ್ಷರ ಓದುವವನಿಗಾಗಿ ಶತಮಾನಗಳ ಕಾಲ ಕಾದೀತು. ಗಾಯಗೊಂಡ ಮನುಷ್ಯ ಕಾಯಲಾರ. “ಮಸ್ಕಿ ದಾಟಿದೆ” ಎಂಬೆರಡು ಮಾತುಗಳಿಗೆ ಒಂದು ಜೀವದ ಬೆಲೆಯಿರಬಹುದು.