ಬಂಡೆಗೆ ಹೊಡೆದ ಮೊಳೆ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಪೂರ್ವ ದಿಕ್ಕಿಗೆ ಮೋಟಾರಿನಲ್ಲಿ ಸುಮಾರು ನಾಲ್ಕು ತಾಸು ಪಯಣಿಸಿದರೆ ಸಿಯೆರಾ ನೆವಾಡ ಪರ್ವತಶ್ರೇಣಿಯ ಮಡಿಲಲ್ಲಿ ಯೊಸೆಮಿಟಿ ಕಣಿವೆ ಸಿಗುತ್ತದೆ. ಉದ್ದ ಹನ್ನೊಂದು-ಹನ್ನೆರಡು ಕಿಲೋಮೀಟರ್, ಅಗಲ ಸುಮಾರು ಒಂದೂವರೆ ಕಿಲೋಮೀಟರ್. ನಡುವೆ ತಣ್ಣಗೆ ಹರಿಯುವ ಮರ್ಸೆಡ್ ನದಿ. ಎರಡೂ ಪಕ್ಕದಲ್ಲಿ ಕಡಿದಿಟ್ಟಂತೆ ನೆಟ್ಟಗೆ ನಿಂತ ಗ್ರಾನೈಟ್ ಗೋಡೆಗಳು. ಅವುಗಳಲ್ಲಿ ದೊಡ್ಡಣ್ಣನಂತಿರುವುದು ಎಲ್ ಕ್ಯಾಪಿಟನ್. ಬುಡದಿಂದ ನೆತ್ತಿಯವರೆಗೆ ಸುಮಾರು 900 ಮೀಟರ್. ಅಂದರೆ ನಮ್ಮ ಜೋಗದ ಮೂರೂವರೆ ಪಟ್ಟು ಎತ್ತರದ ಒಂದೇ ಬಂಡೆ!

ಈ ಕಣಿವೆ ಹುಟ್ಟಿದ್ದು ಹೇಗೆ ಎಂಬ ಬಗ್ಗೆ ಹತ್ತೊಂಬತ್ತನೇ ಶತಮಾನದಲ್ಲಿ ದೊಡ್ಡ ಜಗಳವೇ ನಡೆಯಿತು. ಕ್ಯಾಲಿಫೋರ್ನಿಯಾದ ಅಧಿಕೃತ ಭೂವಿಜ್ಞಾನಿ ಜೋಸಯ್ಯ ವಿಟ್ನಿ ಅವರು ಕಣಿವೆಯ ತಳ ಒಮ್ಮೆಲೇ ಕುಸಿದು ಹೀಗಾಯಿತೆಂದರು. 1868ರಲ್ಲಿ ಅಲ್ಲಿಗೆ ಬಂದು ಕುರಿ ಕಾಯುತ್ತಿದ್ದ ಜಾನ್ ಮ್ಯೂರ್, ಇದು ಹಿಮನದಿ ಕೊರೆದ ಕೆಲಸ ಎಂದರು. ಪದವಿ, ಅಧಿಕಾರ ಎರಡೂ ವಿಟ್ನಿಯವರ ಪರವಾಗಿದ್ದವು. ಸಾಕ್ಷ್ಯ ಮಾತ್ರ ಮ್ಯೂರ್ ಪರವಾಗಿತ್ತು. ಬಂಡೆಗಳ ಮೇಲೆ ಹಿಮದ ಉಜ್ಜಿಕೆಯಿಂದ ಬಿದ್ದ ಗೀರುಗಳನ್ನು ಅವರು ಬೆಟ್ಟ ಹತ್ತಿ ಕಣ್ಣಾರೆ ಕಂಡಿದ್ದರು. ಕಣಿವೆಯ ಮೂಲ ನಿವಾಸಿಗಳಾದ ಅವಾನೀಚಿ ಜನರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. 1851ರಲ್ಲೇ ಬಂದೂಕು ಹಿಡಿದ ತಂಡವೊಂದು ಅವರನ್ನು ಅಲ್ಲಿಂದ ಓಡಿಸಿತ್ತು.

ಕಣಿವೆಯ ಉತ್ತರದ ಅಂಚಿನಲ್ಲಿ, 739 ಮೀಟರ್ ಎತ್ತರದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಯೊಸೆಮಿಟಿ ಜಲಪಾತಕ್ಕೆ ಹತ್ತುವ ಹಾದಿಯ ಬಳಿ, 'ಕ್ಯಾಂಪ್ ಫೋರ್' ಎಂಬ ಬಯಲಿದೆ. ನೋಡಲು ಏನೂ ವಿಶೇಷವಿಲ್ಲ. ಪೈನ್ ಮರಗಳು, ಧೂಳು, ಬೆಟ್ಟದಿಂದ ಉರುಳಿ ಬಂದ ಮನೆಯಷ್ಟು ದೊಡ್ಡ ಗುಂಡುಗಳು, ಮರದ ಮೇಜು-ಬೆಂಚುಗಳು, ಕರಡಿಗಳಿಂದ ಊಟ ಕಾಪಾಡಲು ಕಬ್ಬಿಣದ ಪೆಟ್ಟಿಗೆಗಳು. ಆದರೆ ಜಗತ್ತಿನ ಶಿಲಾರೋಹಿಗಳಿಗೆ ಇದು ಹಳ್ಳಿಯ ಅರಳಿಕಟ್ಟೆ ಇದ್ದಂತೆ. 1950ರ ದಶಕದಿಂದ ಈಚೆಗೆ ಇಲ್ಲಿ ಕೂತು ಹರಟಿದ ಹುಡುಗರು ಮೂರು ಪ್ರಶ್ನೆಗಳನ್ನು ಎಡೆಬಿಡದೆ ಅರೆದಿದ್ದಾರೆ. ಬಂಡೆ ಹತ್ತಲು ಎಷ್ಟು ಉಪಕರಣ ಬಳಸಬಹುದು? ಬಂಡೆ ಯಾರ ಸೊತ್ತು? ಹತ್ತಿ ಬಂದವನು ಹಿಂದೆ ಏನು ಬಿಟ್ಟು ಬರಬಹುದು?

ಹರಟೆಯ ಕೇಂದ್ರದಲ್ಲಿದ್ದದ್ದು ಬಡಪಾಯಿ ಮೊಳೆ. ಶಿಲಾರೋಹಿಯ ಭಾಷೆಯಲ್ಲಿ ಅದಕ್ಕೆ ಪಿಟಾನ್ ಎನ್ನುತ್ತಾರೆ. ಬಂಡೆಯ ಬಿರುಕಿಗೆ ಅದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ, ತಲೆಯಲ್ಲಿರುವ ತೂತಿಗೆ ಕೊಂಡಿ ಸಿಕ್ಕಿಸಿ, ಕೊಂಡಿಯಲ್ಲಿ ಹಗ್ಗ ಹಾಯಿಸಿದರೆ ಕಾಲು ಜಾರಿದವನ ಜೀವ ಉಳಿಯುತ್ತದೆ. ಯುರೋಪಿನಲ್ಲಿ ಇವನ್ನು ಮೆದು ಕಬ್ಬಿಣದಿಂದ ಮಾಡುತ್ತಿದ್ದರು. ಒಮ್ಮೆ ಹೊಡೆದರೆ ಬಿರುಕಿನ ಆಕಾರಕ್ಕೆ ಬಗ್ಗಿ ಅಲ್ಲೇ ಉಳಿಯುತ್ತಿತ್ತು. ಯೊಸೆಮಿಟಿಯ ಗಡಸು ಗ್ರಾನೈಟ್‌ನಲ್ಲಿ ಅದು ನಡೆಯಲಿಲ್ಲ. ಹೊಡೆದ ಏಟಿಗೆ ಮೊಳೆಯೇ ಮುದುಡಿಹೋಗುತ್ತಿತ್ತು. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದಿದ್ದ ಜಾನ್ ಸಲಾಥೆ ಎಂಬ ಕಮ್ಮಾರರು ನಲವತ್ತೈದು ದಾಟಿದ ಮೇಲೆ ಬಂಡೆ ಹತ್ತಲು ಕಲಿತವರು. ಅವರು ತಮ್ಮ ಕುಲುಮೆಯಲ್ಲಿ ಗಟ್ಟಿ ಉಕ್ಕಿನ ಮೊಳೆಗಳನ್ನು ಬಡಿದು ತಯಾರಿಸಿದರು. ಇವು ಮುದುಡುತ್ತಿರಲಿಲ್ಲ. ಹತ್ತುವವನು ಹೊಡೆದದ್ದನ್ನು ಹಿಂದೆ ಬರುವವನು ಅತ್ತಿತ್ತ ಬಡಿದು ಕಿತ್ತು ಮತ್ತೆ ಬಳಸಬಹುದಿತ್ತು. ಉಳಿತಾಯಕ್ಕೆ ಉಳಿತಾಯ, ಬಂಡೆಯೂ ಶುಭ್ರ!

ಹಾಗೆಂದು ಎಲ್ಲರೂ ತಿಳಿದಿದ್ದರು. ಮನೆಯ ಗೋಡೆಗೆ ಹೊಡೆದ ಮೊಳೆಯನ್ನು ಹತ್ತು ಸಲ ಕಿತ್ತು ಹತ್ತು ಸಲ ಅದೇ ತೂತಿಗೆ ಹೊಡೆದರೆ ಏನಾದೀತೆಂದು ಮಕ್ಕಳಿಗೂ ಗೊತ್ತು. ಆದರೆ ಆ ಫಲ ಬಂಡೆಯ ಮೇಲೆ ಎದ್ದು ಕಾಣಲು ಇಪ್ಪತ್ತು ವರ್ಷ ಹಿಡಿಯಿತು.

ಅಷ್ಟರಲ್ಲಿ ಕ್ಯಾಂಪ್ ಫೋರ್‌ನಲ್ಲಿ ಎರಡು ಪಕ್ಷಗಳಾಗಿದ್ದವು. ಒಂದು ಕಡೆ ವಾರನ್ ಹಾರ್ಡಿಂಗ್. ವೃತ್ತಿಯಲ್ಲಿ ರಸ್ತೆಗಳ ಅಳತೆ ಮಾಡುವ ಸರ್ವೆಯರ್. ಮಾತಿನಲ್ಲಿ ಕುಚೋದ್ಯ, ಹಟದಲ್ಲಿ ವಿಕ್ರಮ. ಎಲ್ ಕ್ಯಾಪಿಟನ್‌ನ ಮೂಗಿನಂತೆ ಮುಂಚಾಚಿದ 'ನೋಸ್' ಹಾದಿಯನ್ನು 1957ರಲ್ಲಿ ಆರಂಭಿಸಿ, ಇಳಿದು ಹತ್ತಿ, ಇಳಿದು ಹತ್ತಿ, 1958ರ ನವೆಂಬರ್ 12ರಂದು ನೆತ್ತಿ ಮುಟ್ಟಿದರು. ಜೊತೆಗೆ ವೇಯ್ನ್ ಮೆರ್ರಿ ಮತ್ತು ಜಾರ್ಜ್ ವಿಟ್ಮೋರ್. ಅಗಲ ಬಿರುಕಿಗೆ ಹೊಂದುವ ಮೊಳೆ ಸಿಗದಿದ್ದಾಗ ಗುಜರಿಯಿಂದ ತಂದ ಹಳೆಯ ಒಲೆಯ ಕಾಲುಗಳನ್ನೇ ಬಂಡೆಗೆ ಬಡಿದಿದ್ದರು! ಬಿರುಕೇ ಇಲ್ಲದ ಕಡೆ ಕೈಯಿಂದ ರಂಧ್ರ ಕೊರೆದು ಬೋಲ್ಟ್ ಕೂರಿಸಿದರು. ಅಂಥ ಬೋಲ್ಟ್‌ಗಳು 125. ಕೆಳಗಿನ ಹುಲ್ಲುಗಾವಲಿನಲ್ಲಿ ನೋಡುವವರ ಕಾರುಗಳು ಸಾಲುಗಟ್ಟಿ ಸಂಚಾರ ಅಸ್ತವ್ಯಸ್ತವಾಗಿ, ಬೇಸಿಗೆಯ ದಟ್ಟಣೆಯಲ್ಲಿ ಹತ್ತಕೂಡದೆಂದು ಉದ್ಯಾನದ ಅಧಿಕಾರಿಗಳು ಹೇಳಬೇಕಾಯಿತು.

ಇನ್ನೊಂದು ಕಡೆ ರಾಯಲ್ ರಾಬಿನ್ಸ್. ಮಿತಭಾಷಿ, ಶಿಸ್ತಿನ ಮನುಷ್ಯ. ಬೋಲ್ಟ್ ಕೊರೆಯುತ್ತ ಹೋದರೆ ಯಾವ ಬಂಡೆಯನ್ನಾದರೂ ಯಾರಾದರೂ ಹತ್ತಬಹುದು, ಹಾಗಾದರೆ ಹತ್ತುವುದರಲ್ಲಿ ಉಳಿದದ್ದೇನು ಎಂಬುದು ಅವರ ವಾದ. 1961ರಲ್ಲಿ ಟಾಮ್ ಫ್ರಾಸ್ಟ್, ಚಕ್ ಪ್ರ್ಯಾಟ್ ಜೊತೆಗೂಡಿ ಅದೇ ಎಲ್ ಕ್ಯಾಪಿಟನ್ ಮೇಲೆ ಹೊಸ ಹಾದಿಯನ್ನು ಬರೇ 13 ಬೋಲ್ಟ್‌ಗಳಲ್ಲಿ ಮುಗಿಸಿದರು; ಅದಕ್ಕೆ ಹಳೆಯ ಕಮ್ಮಾರ ಸಲಾಥೆಯವರ ಹೆಸರು ಬಂತು. ಇಂಥವರನ್ನು ಹಾರ್ಡಿಂಗ್ 'ಕಣಿವೆಯ ಕ್ರೈಸ್ತರು' ಎಂದು ಛೇಡಿಸುತ್ತಿದ್ದರು. ಮಡಿವಂತರು ಎನ್ನುತ್ತೇವಲ್ಲ, ಹಾಗೆ.

ಜಗಳ ತಾರಕಕ್ಕೇರಿದ್ದು 1970ರಲ್ಲಿ. ಹಾರ್ಡಿಂಗ್ ಮತ್ತು ಡೀನ್ ಕಾಲ್ಡ್‌ವೆಲ್ 27 ದಿನ ಗೋಡೆಯ ಮೇಲೇ ಇದ್ದು 'ಡಾನ್ ವಾಲ್' ಎಂಬ ನುಣುಪು ಭಾಗವನ್ನು ಹತ್ತಿದರು. ಬಿರುಗಾಳಿ, ಮಳೆ, ಊಟ ಮುಗಿಯುತ್ತ ಬಂದಿತ್ತು. ಮೇಲಿನಿಂದ ಹಗ್ಗ ಇಳಿಸಲು ಬಂದ ರಕ್ಷಣಾ ತಂಡವನ್ನು ಬೇಡವೆಂದು ವಾಪಸು ಕಳಿಸಿದರು. ಬೋಲ್ಟ್‌ಗಳ ಸಂಖ್ಯೆ ಮುನ್ನೂರರ ಆಸುಪಾಸು. ರಾಬಿನ್ಸ್ ಸಿಡಿಮಿಡಿಗೊಂಡರು. 1971ರ ಆರಂಭದಲ್ಲಿ ಡಾನ್ ಲಾರಿಯಾ ಜೊತೆ ಉಳಿ ಹಿಡಿದು ಅದೇ ಹಾದಿ ಹತ್ತುತ್ತ ಬೋಲ್ಟ್‌ಗಳನ್ನು ಒಂದೊಂದಾಗಿ ಕತ್ತರಿಸತೊಡಗಿದರು. ಆದರೆ ಸ್ವಲ್ಪ ಮೇಲೇರುತ್ತಲೇ ಕೈ ನಿಂತಿತು. ಹಾರ್ಡಿಂಗ್ ಹತ್ತಿದ ಬಗೆ ತಾವು ತಿಳಿದಷ್ಟು ಸುಲಭದ್ದಲ್ಲ, ಅಲ್ಲಿ ನಿಜವಾದ ಕೌಶಲವಿತ್ತು ಎಂದು ಬಂಡೆಯೇ ಅವರಿಗೆ ತೋರಿಸಿತ್ತು. ಉಳಿದ ಬೋಲ್ಟ್‌ಗಳನ್ನು ಹಾಗೇ ಬಿಟ್ಟು, ಅವುಗಳನ್ನೇ ಬಳಸಿ ನೆತ್ತಿ ಸೇರಿದರು. ಎದುರಾಳಿಯ ಕೆಲಸವನ್ನು ಹತ್ತಿ ನೋಡಿ ಅಳೆದವರು ಈ ಲೋಕದಲ್ಲಿ ಎಷ್ಟು ಜನ?

ಇವರಿಬ್ಬರ ನಡುವೆ, ಮೊಳೆಯಿಂದಲೇ ಹೊಟ್ಟೆ ಹೊರೆಯುತ್ತಿದ್ದವರು ಈವಾನ್ ಶ್ವಿನಾರ್ಡ್. 1938ರಲ್ಲಿ ಹುಟ್ಟಿದ ಇವರು 1957ರಲ್ಲಿ ಹಳೆಯ ಕುಲುಮೆಯೊಂದನ್ನು ಕೊಂಡು, ಕಮ್ಮಾರಿಕೆಯನ್ನು ತಾವೇ ಕಲಿತು, ಮೊಳೆಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟು ಒಂದೂವರೆ ಡಾಲರಿಗೊಂದರಂತೆ ಮಾರುತ್ತಿದ್ದರು. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಡಬ್ಬ ನಜ್ಜುಗುಜ್ಜಾಗಿ ಅಗ್ಗಕ್ಕೆ ಬಿಕರಿಯಾಗುವ ಬೆಕ್ಕಿನ ಆಹಾರ ತಿಂದದ್ದೂ ಉಂಟು. ಟಿಕೆಟಿಲ್ಲದೆ ಗೂಡ್ಸ್ ರೈಲು ಹತ್ತಿ, ಗೊತ್ತುಗುರಿಯಿಲ್ಲದೆ ಅಲೆಯುವ ಆರೋಪದ ಮೇಲೆ 18 ದಿನ ಜೈಲಿನಲ್ಲೂ ಇದ್ದರು. ತಂದೆತಾಯಂದಿರು ಹುಬ್ಬೇರಿಸುವ ಮುನ್ನ ಮುಂದಿನ ಕಥೆ ಕೇಳಬೇಕು. 1970ರ ಹೊತ್ತಿಗೆ ಅವರದು ಅಮೆರಿಕದಲ್ಲೇ ಅತಿ ದೊಡ್ಡ ಶಿಲಾರೋಹಣ ಉಪಕರಣಗಳ ಕಂಪನಿಯಾಗಿತ್ತು. ಎಂಜಿನಿಯರ್ ಟಾಮ್ ಫ್ರಾಸ್ಟ್ ಪಾಲುದಾರರು. ವ್ಯಾಪಾರದ ಬಹುಪಾಲು ಮೊಳೆಯದೇ.

ಆ ಹೊತ್ತಿನಲ್ಲಿ ಮತ್ತೆ ನೋಸ್ ಹಾದಿ ಹತ್ತಿದ ಶ್ವಿನಾರ್ಡ್ ಅವರಿಗೆ ಕೆಲವೇ ವರ್ಷಗಳ ಹಿಂದೆ ಕೂದಲೆಳೆಯಂತಿದ್ದ ಬಿರುಕುಗಳು ಬೆರಳು ತೂರುವ ತೂತುಗಳಾಗಿರುವುದು ಕಂಡಿತು. ತಾವು ಮಾರಿದ ಮಾಲೇ ತಾವು ಪ್ರೀತಿಸಿದ ಬಂಡೆಯನ್ನು ತಿನ್ನುತ್ತಿತ್ತು. ಇಬ್ಬರೂ ಪಾಲುದಾರರು ಮೊಳೆಯ ವ್ಯಾಪಾರವನ್ನೇ ಕೈಬಿಡುವುದೆಂದು ನಿಶ್ಚಯಿಸಿದರು. 1972ರ ಅವರ ಮಾರಾಟ ಪಟ್ಟಿಯಲ್ಲಿ, ಸುತ್ತಿಗೆಯಿಲ್ಲದೆ ಬಂಡೆ ಹತ್ತುವುದನ್ನು ವಿವರಿಸುವ ಡಗ್ ರಾಬಿನ್ಸನ್ ಅವರ ದೀರ್ಘ ಪ್ರಬಂಧ ಅಚ್ಚಾಯಿತು. ಗಿರಾಕಿಗೆ 'ನಮ್ಮ ಹಳೆಯ ಸರಕು ಕೊಳ್ಳಬೇಡಿ' ಎನ್ನುವ ಅಂಗಡಿಯವರನ್ನು ಎಲ್ಲಿಯಾದರೂ ಕಂಡಿದ್ದೀರಾ?

ಮೊಳೆಯ ಬದಲಿಗೆ ಬಂದದ್ದು 'ನಟ್'. ಗೋಲಿ ಸೋಡಾದ ಸೀಸೆಯನ್ನು ನೆನೆಸಿಕೊಳ್ಳಿ. ಗೋಲಿ ಕೊರಳಲ್ಲಿ ಸಿಕ್ಕಿಕೊಂಡಿರುತ್ತದೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ಬಿಗಿ. ಹಾಗೆಯೇ ಬಿರುಕು ಕೆಳಮುಖವಾಗಿ ಕಿರಿದಾಗುವ ಜಾಗದಲ್ಲಿ ಲೋಹದ ತುಂಡೊಂದನ್ನು ಬೆರಳಿನಿಂದ ಇಟ್ಟರೆ ಸಾಕು, ಬಿದ್ದವನ ಭಾರವೇ ಅದನ್ನು ಬಿಗಿಗೊಳಿಸುತ್ತದೆ. ತೆಗೆಯುವಾಗ ಮೇಲಕ್ಕೆ ಎತ್ತಿದರಾಯಿತು. ಬ್ರಿಟನ್ನಿನ ಶಿಲಾರೋಹಿಗಳು ಮೊದಲು ಬೆಣಚುಕಲ್ಲನ್ನು, ಆಮೇಲೆ ಯಂತ್ರಗಳ ನಟ್ಟುಗಳನ್ನು ಹೀಗೆ ಬಳಸುತ್ತಿದ್ದರು. ಅದನ್ನು ಅಲ್ಲಿ ಕಂಡು ಬಂದ ರಾಬಿನ್ಸ್, 1967ರಲ್ಲಿ ಪತ್ನಿ ಲಿಜ್ ಜೊತೆ ಯೊಸೆಮಿಟಿಯ ಹಾದಿಯೊಂದನ್ನು ಒಂದೂ ಮೊಳೆ ಹೊಡೆಯದೆ ಹತ್ತಿ ತೋರಿಸಿದ್ದರು. 1973ರಲ್ಲಿ ಮೂವರು ಗೆಳೆಯರು ಹಾಫ್ ಡೋಮ್‌ನ ಕಡಿದಾದ ಮುಖವನ್ನು ಸುತ್ತಿಗೆಯಿಲ್ಲದೆ ಹತ್ತಿದ ಮೇಲೆ ವಾದಕ್ಕೆ ಬಲ ಬಂತು.

ಸಮಾನಾಂತರ ಬಿರುಕಿನಲ್ಲಿ ಮಾತ್ರ ನಟ್ ನಿಲ್ಲದು. ಅದಕ್ಕೆ ಉತ್ತರ ಹುಡುಕಿದವರು ವಿಮಾನ-ಅಂತರಿಕ್ಷ ಉದ್ಯಮದಲ್ಲಿ ಎಂಜಿನಿಯರ್ ಆಗಿದ್ದ ರೇ ಜಾರ್ಡೀನ್. ಅವರ 'ಫ್ರೆಂಡ್' 1978ರಲ್ಲಿ ಮಾರುಕಟ್ಟೆಗೆ ಬಂತು. ಸ್ಪ್ರಿಂಗಿಗೆ ಸಿಕ್ಕಿಸಿದ ನಾಲ್ಕು ಲೋಹದ ಹಾಲೆಗಳು. ಅವುಗಳ ಅಂಚು ಗಣಿತದ ಲಾಗರಿತಮಿಕ್ ಸುರುಳಿಯ ತುಣುಕು. ಈ ಸುರುಳಿಯ ಗುಣವೆಂದರೆ ಕೇಂದ್ರದಿಂದ ಎಳೆದ ರೇಖೆಯೊಡನೆ ಅಂಚು ಮಾಡುವ ಕೋನ ಎಲ್ಲೆಡೆ ಒಂದೇ. ಆದ್ದರಿಂದ ಬಿರುಕು ಕಿರಿದಿರಲಿ ಅಗಲವಿರಲಿ, ಹಾಲೆ ಬಂಡೆಯನ್ನು ಒತ್ತುವ ಕೋನ ಬದಲಾಗದು. ಜಾರ್ಡೀನ್ ಆರಿಸಿದ್ದು 13.75 ಡಿಗ್ರಿ. ತ್ರಿಕೋನಮಿತಿ ಕಲಿತ ಮಕ್ಕಳು ಲೆಕ್ಕ ಹಾಕಿ ನೋಡಲಿ: ಹಗ್ಗದ ಎಳೆತದ ಸುಮಾರು ಎರಡರಷ್ಟು ಬಲ ಎರಡೂ ಗೋಡೆಗಳ ಮೇಲೆ ಬೀಳುತ್ತದೆ. ಘರ್ಷಣೆ ಸೋಲದಿರಲು ಅದೇ ಕಾರಣ. ಇದೂ ಮೋಸವೇ, ಹತ್ತುವುದನ್ನು ತೀರ ಸುಲಭ ಮಾಡುತ್ತದೆ ಎಂದು ಗೊಣಗಿದವರಿದ್ದರು. ಇದೇ ಜಾರ್ಡೀನ್ 1981ರಲ್ಲಿ ನೋಸ್ ಮೇಲೆ ಕೈಯೂರಲು ಹಿಡಿಗಳನ್ನು ಕೆತ್ತಿದಾಗ ಮಾತ್ರ ಆಕ್ಷೇಪ ಜೋರಾಗಿತ್ತು. ಬುದ್ಧಿಯಿಂದ ಉಪಕರಣ ಮಾಡುವುದು ಸರಿ, ಬಂಡೆಯನ್ನೇ ತನಗೆ ಬೇಕಾದಂತೆ ಮಾಡುವುದು ಸಲ್ಲದು ಎಂಬ ಗೆರೆ ಅಲ್ಲಿ ಬಿತ್ತು. 1993ರಲ್ಲಿ ಲಿನ್ ಹಿಲ್ ಎಂಬ ಮಹಿಳೆ, ಹಗ್ಗವನ್ನು ಬಿದ್ದರೆ ಹಿಡಿಯಲು ಮಾತ್ರ ಇಟ್ಟುಕೊಂಡು, ನೋಸ್ ಹಾದಿಯನ್ನು ಕೈಕಾಲಿನ ಬಲದಿಂದಲೇ ಹತ್ತಿದರು. ಮರುವರ್ಷ ಅದನ್ನೇ ಒಂದು ದಿನದೊಳಗೆ ಮುಗಿಸಿದರು. ಗಂಡಸರಾರೂ ಅದುವರೆಗೆ ಅದನ್ನು ಸಾಧಿಸಿರಲಿಲ್ಲ.

ರಾಜಕೀಯ ಈ ಕಣಿವೆಗೆ ಹೊಸದಲ್ಲ. ಉದ್ಯಾನದೊಳಗೇ ಇದ್ದ ಹೆಚ್ ಹೆಚಿ ಎಂಬ ಸೋದರ ಕಣಿವೆಗೆ ಅಣೆಕಟ್ಟು ಬೇಡವೆಂದು ಮ್ಯೂರ್ ವರ್ಷಗಟ್ಟಲೆ ಹೋರಾಡಿ, 1913ರಲ್ಲಿ ಸೋತರು. ಸ್ಯಾನ್ ಫ್ರಾನ್ಸಿಸ್ಕೊದ ನಲ್ಲಿಗಳಿಗೆ ಈಗಲೂ ಅಲ್ಲಿಂದಲೇ ನೀರು. 1997ರ ಜನವರಿಯಲ್ಲಿ ಮರ್ಸೆಡ್ ಉಕ್ಕಿ ಕಟ್ಟಡಗಳು ಕೊಚ್ಚಿಹೋದಾಗ, ನೌಕರರ ವಸತಿಯನ್ನು ಕ್ಯಾಂಪ್ ಫೋರ್ ಪಕ್ಕಕ್ಕೆ ತರುವ ಯೋಜನೆ ಸಿದ್ಧವಾಯಿತು. ಆಗ ಅರವತ್ತು ದಾಟಿದ್ದ ಟಾಮ್ ಫ್ರಾಸ್ಟ್ ಎದ್ದು ನಿಂತರು. ನ್ಯಾಯಾಲಯಕ್ಕೆ ಹೋದರು, ಹಳೆಯ ಗೆಳೆಯರನ್ನು ಕೂಡಿಸಿದರು. ಫಲವಾಗಿ 2003ರ ಫೆಬ್ರುವರಿಯಲ್ಲಿ ಧೂಳಿನ ಆ ಬಯಲು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಹಿಂದೆ ಗಡುವು ಮೀರಿ ಉಳಿದ ಹುಡುಗರನ್ನು ಕಾವಲುಗಾರರು ಅಟ್ಟುತ್ತಿದ್ದ ಜಾಗವೇ ಇದು!

ಶ್ವಿನಾರ್ಡ್ ಮೊಳೆ ಬಿಟ್ಟು ಬಟ್ಟೆಗೆ ತಿರುಗಿ 'ಪ್ಯಾಟಗೋನಿಯ' ಎಂಬ ಕಂಪನಿ ಕಟ್ಟಿದರು. ಸಂರಕ್ಷಿತ ಭೂಮಿಯನ್ನು ಮೊಟಕುಗೊಳಿಸಿದ್ದಕ್ಕೆ ಅದು 2017ರಲ್ಲಿ ಅಮೆರಿಕದ ಸರಕಾರದ ಮೇಲೇ ದಾವೆ ಹೂಡಿತು. 2022ರಲ್ಲಿ, ಸುಮಾರು 300 ಕೋಟಿ ಡಾಲರ್ ಬೆಲೆಯ ಕಂಪನಿಯನ್ನು ಇಡಿಯಾಗಿ ಒಂದು ಟ್ರಸ್ಟ್ ಮತ್ತು ಪರಿಸರ ಸಂಸ್ಥೆಗೆ ಬರೆದುಕೊಟ್ಟರು. ಆಗ ಅವರ ಬಳಿ ಸ್ವಂತ ಕಂಪ್ಯೂಟರಾಗಲಿ ಮೊಬೈಲ್ ಫೋನಾಗಲಿ ಇರಲಿಲ್ಲ, ಓಡಿಸುತ್ತಿದ್ದದ್ದು ಹಳೆಯ ಕಾರು. ಕಿರಿಯರು ಹಾಗಲ್ಲ. 2015ರ ಜನವರಿಯಲ್ಲಿ ಟಾಮಿ ಕಾಲ್ಡ್‌ವೆಲ್ ಮತ್ತು ಕೆವಿನ್ ಜಾರ್ಗೆಸನ್ 19 ದಿನ ಡಾನ್ ವಾಲ್‌ನಲ್ಲಿ ತೂಗಾಡುತ್ತ, ಅಲ್ಲಿಂದಲೇ ಫೋನಿನಲ್ಲಿ ಪತ್ರಕರ್ತರೊಡನೆ ಮಾತಾಡಿದರು. 2017ರ ಜೂನ್ 3ರಂದು ಅಲೆಕ್ಸ್ ಹಾನಲ್ಡ್ ಹಗ್ಗವೇ ಇಲ್ಲದೆ ಎಲ್ ಕ್ಯಾಪಿಟನ್ ಏರಿದರು, 3 ಗಂಟೆ 56 ನಿಮಿಷದಲ್ಲಿ. ಅದು ಸಾಹಸವೋ ದುಸ್ಸಾಹಸವೋ, ಅನುಕರಣೆಗಂತೂ ತಕ್ಕದ್ದಲ್ಲ. ವ್ಯಾನಿನಲ್ಲಿ ವರ್ಷಗಟ್ಟಲೆ ಬಾಳಿದ ಈ ಯುವಕ ಗಳಿಕೆಯ ಪಾಲನ್ನು ಬಡವರಿಗೆ ಸೌರವಿದ್ಯುತ್ ಒದಗಿಸುವ ಪ್ರತಿಷ್ಠಾನಕ್ಕೆ ಕೊಡುತ್ತ ಬಂದಿದ್ದಾರೆ ಎಂಬುದು ಅಷ್ಟಾಗಿ ಸುದ್ದಿಯಾಗಿಲ್ಲ.

ಹಳೆಯ ಬೋಲ್ಟಿನ ಪ್ರಶ್ನೆಯೂ ಮುಗಿದಿಲ್ಲ. ವನ್ಯಪ್ರದೇಶದ ಬಂಡೆಗೆ ಮೋಟಾರು ಡ್ರಿಲ್ ಹಚ್ಚುವಂತಿಲ್ಲ; ಇಂದಿಗೂ ಕೈಯಿಂದಲೇ ಕೊರೆಯಬೇಕು. ಬೋಲ್ಟನ್ನೇ ನಿಷೇಧಿಸಿಯಾರೆಂಬ ಭಯ ಹಬ್ಬಿದಾಗ ಆರೋಹಿಗಳು ರಾಜಧಾನಿಯವರೆಗೆ ಹೋಗಿ ವಾದಿಸಿದರು. 2025ರ ಜನವರಿಯಲ್ಲಿ ಸಹಿಯಾದ ಕಾಯಿದೆ, ನಿಯಮಕ್ಕೊಳಪಟ್ಟು ಅಂಥ ಆಸರೆಗಳಿಗೆ ಅವಕಾಶವಿತ್ತಿತು. ಮರುತಿಂಗಳೇ, ಉದ್ಯಾನದ ನೌಕರರನ್ನು ಕೆಲಸದಿಂದ ತೆಗೆದದ್ದನ್ನು ಪ್ರತಿಭಟಿಸಿ ಕೆಲವರು ಎಲ್ ಕ್ಯಾಪಿಟನ್ ಮೇಲಿನಿಂದ ರಾಷ್ಟ್ರಧ್ವಜವನ್ನು ತಲೆಕೆಳಗಾಗಿ ಇಳಿಬಿಟ್ಟರು. ಆಪತ್ತಿನಲ್ಲಿದ್ದೇವೆ ಎಂಬುದಕ್ಕೆ ಅಲ್ಲಿ ಅದು ಸಂಕೇತ.

ಗೋಡೆಯ ಮೇಲೆ ರಾತ್ರಿ ಕಳೆಯುವವರು ಈಗ ಪರವಾನಗಿ ಪಡೆಯಬೇಕು. ಮಲವನ್ನೂ ಡಬ್ಬದಲ್ಲಿ ತುಂಬಿ ಕೆಳಕ್ಕೆ ತರಬೇಕು. ಬುಡದ ಹುಲ್ಲುಗಾವಲಿನಲ್ಲಿ ದೂರದರ್ಶಕ ಇಟ್ಟು ಪ್ರವಾಸಿಗಳ ಪ್ರಶ್ನೆಗಳಿಗೆ ಉತ್ತರಿಸುವ ಆರೋಹಿಗಳಿಗೆ ಮಕ್ಕಳು ಕೇಳುವುದೂ ಹೆಚ್ಚಾಗಿ ಅದನ್ನೇ. ಕತ್ತಲಾದ ಮೇಲೆ ದೂರದರ್ಶಕ ಬೇಕಿಲ್ಲ. ಅಲ್ಲೊಂದು ಇಲ್ಲೊಂದು ಮಿಣುಕುವ ತಲೆದೀಪಗಳನ್ನು ಎಣಿಸಿದರೆ ಆ ರಾತ್ರಿ ಬಂಡೆಯ ಮೇಲೆ ಎಷ್ಟು ತಂಡಗಳು ಮಲಗಲಿವೆ ಎಂಬುದು ತಿಳಿಯುತ್ತದೆ.