ಕೆಂಪು ಗೆರೆಯೂ ಮುದ್ರಣಯಂತ್ರವೂ

ಒಂದು ಪದಾರ್ಥವನ್ನು ಕೊಳ್ಳುವ ಮೊದಲು ಅದರಿಂದ ಆಗಬೇಕಾದ ಪ್ರಯೋಜನವನ್ನು ನಿಶ್ಚಯಿಸಿಕೊಳ್ಳಬೇಕಷ್ಟೆ. ಈ ಕ್ರಮವನ್ನು ಬಿಟ್ಟು ಅಂಗಡಿಯವರ ಅಂಕಿಗಳನ್ನೇ ಹಿಡಿದು ಹೊರಟರೆ ಅದು ಕಾಕದಂತಪರೀಕ್ಷೆಯಾದೀತು. ದಿನಕ್ಕೆ ಹತ್ತು ಪುಟ ಬೇಕಾದ ಮನೆಗೆ ಯಂತ್ರವು ನಿಮಿಷಕ್ಕೆ ಇಪ್ಪತ್ತು ಪುಟ ಕೊಟ್ಟರೇನು, ಮೂವತ್ತು ಕೊಟ್ಟರೇನು?

ನಮ್ಮ ಪ್ರಯೋಜನವಿದು. ನನ್ನ ಗುರುಗಳು ಕೈಯಾರೆ ಬರೆದ ವೇದಪಾಠದ ಪುಸ್ತಕವೊಂದು ನನ್ನಲ್ಲಿದೆ. ಹಾಳೆಗಳ ಅಂಚು ಮುರಿಯತೊಡಗಿರುವುದರಿಂದ ನಾನೂ ಮೊಮ್ಮಗಳೂ ಅದನ್ನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದ್ದೇವೆ. ಮೂಲದಲ್ಲಿ ಅಕ್ಷರಗಳು ಕಪ್ಪು, ಸ್ವರಚಿಹ್ನೆಗಳು ಕೆಂಪು. ಅನುದಾತ್ತಕ್ಕೆ ಕೆಳಗೆ ಅಡ್ಡಗೆರೆ, ಸ್ವರಿತಕ್ಕೆ ಮೇಲೆ ನೆಟ್ಟನೆಯ ಗೆರೆ, ಉದಾತ್ತಕ್ಕೆ ಚಿಹ್ನೆಯಿಲ್ಲ. ಕನ್ನಡದ ಒತ್ತಕ್ಷರಗಳೂ ಕೆಳಗೇ ಇಳಿಯುವುದರಿಂದ, ಎಲ್ಲವೂ ಕಪ್ಪಾದರೆ ಎಳೆಯರ ಕಣ್ಣು ತಡವರಿಸುವುದು. ಸ್ವರ ತಪ್ಪಿ ‘ಇಂದ್ರಶತ್ರು’ವೆಂಬ ಒಂದು ಪದವೇ ವೃತ್ರನಿಗೆ ಮೃತ್ಯುವಾದ ಕಥೆಯನ್ನು ವಾಚಕರು ಬಲ್ಲರು. ಭಾನುವಾರಗಳಲ್ಲಿ ಗುಬ್ಬಿಯಿಂದಲೂ ಕುಣಿಗಲಿನಿಂದಲೂ ತುಮಕೂರಿನ ನಮ್ಮ ಮನೆಗೆ ಪಾಠಕ್ಕೆ ಬರುವ ಹುಡುಗರು ಇದುವರೆಗೆ ಕಪ್ಪು ಜೆರಾಕ್ಸ್ ಪ್ರತಿಗಳನ್ನೇ ಒಯ್ಯುತ್ತಿದ್ದರು. ಬಣ್ಣವು ಈ ಪುಟಗಳಲ್ಲಿ ಅರ್ಥಕ್ಕೇ ಸೇರಿದುದು.

ಬಣ್ಣದ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಜಾತಿ: ಮಸಿಯನ್ನು ಸಿಂಪಡಿಸುವ ಇಂಕ್‌ಜೆಟ್ ಒಂದು, ಲೇಸರ್ ಇನ್ನೊಂದು. ಎರಡನೆಯದಕ್ಕೆ ಮೂಲವಾದ ಒಣಮುದ್ರಣವನ್ನು ೧೯೩೮ರಲ್ಲಿ ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಸಾಧಿಸಿದನು; ಅದಕ್ಕೆ ಲೇಸರನ್ನು ಜೋಡಿಸಿ ೧೯೭೧ರಲ್ಲಿ ಯಂತ್ರವನ್ನು ನಡೆಸಿದವನು ಗ್ಯಾರಿ ಸ್ಟಾರ್ಕ್‌ವೆದರ್. ವಿದ್ಯುದಾವೇಶವುಳ್ಳ ಉರುಳೆಯ ಮೇಲೆ ಬೆಳಕು ಬರೆಯುವುದು. ಆ ಬರಹಕ್ಕೆ ಅಂಟಿದ ಟೋನರ್ ಪುಡಿ ಕಾಗದಕ್ಕೆ ಇಳಿದ ಮೇಲೆ, ಕಾದ ಮತ್ತೊಂದು ಉರುಳೆ ಅದನ್ನು ಕರಗಿಸಿ ಬೆಸೆಯುವುದು. ಛಾಯಾಚಿತ್ರಗಳಿಗೆ ಇಂಕ್‌ಜೆಟ್ಟೇ ಮೇಲು. ಆದರೆ ಬಹುಕಾಲ ಸುಮ್ಮನಿದ್ದರೆ ಅದರ ಸೂಕ್ಷ್ಮರಂಧ್ರಗಳು ಒಣಗಿ ಕಟ್ಟಿಕೊಳ್ಳಬಹುದು. ಪುಡಿಗೆ ಆ ಭಯವಿಲ್ಲ. ಆಚಮನದ ನೀರು ಹನಿದರೂ ಬೆಸೆದ ಅಕ್ಷರ ಹರಡದು.

ವಿಶೇಷವೇನೆಂದರೆ ಈ ಯಂತ್ರದಲ್ಲಿ ಕೆಂಪು ಪುಡಿಯೇ ಇಲ್ಲ. ತಿಳಿನೀಲಿ, ಮಜೆಂಟ, ಹಳದಿ, ಕಪ್ಪು ಎಂಬ ನಾಲ್ಕೇ. ಮಜೆಂಟವೂ ಹಳದಿಯೂ ಒಂದೇ ಸ್ಥಳದಲ್ಲಿ ಕೂಡಿದರೆ ಕೆಂಪು. ತುಸು ಸರಿದರೆ ಗೆರೆಯ ಅಂಚಿನಲ್ಲಿ ಹಳದಿ ಇಣುಕುವುದು. ಆದುದರಿಂದ ಅಂಗಡಿಯಲ್ಲಿ ತೋರಿಸಿದ ಹೂವು ಗಿಳಿಗಳ ಚಿತ್ರವನ್ನು ಬದಿಗಿಟ್ಟು, ನಮ್ಮ ಪಾಠದ ಒಂದು ಪುಟವನ್ನೇ ಮುದ್ರಿಸಿಕೊಡಬೇಕೆಂದು ಕೇಳಿದೆನು. ಅನ್ನ ಬೆಂದಿತೇ ಎಂದು ತಿಳಿಯಲು ಒಂದಗುಳು ಸಾಕು. ಅಂಗುಲಕ್ಕೆ ೬೦೦ ಬಿಂದುಗಳ ಯಂತ್ರದಲ್ಲಿಯೇ ಗೆರೆ ಸ್ವಚ್ಛವಾಗಿ ಬಂದಿತು. ಅದಕ್ಕೂ ಹೆಚ್ಚಿನದಕ್ಕೆ ಹಣ ತೆರುವ ಅವಶ್ಯಕತೆ ಕಾಣಲಿಲ್ಲ.

“ತಾತ, ಎಲ್ಲರ ಫೋನಿನಿಂದಲೂ ಪ್ರಿಂಟ್ ಆಗಬೇಕು” ಎಂಬುದು ಮೊಮ್ಮಗಳ ನಿಬಂಧನೆ. ಇಂಥ ಯಂತ್ರಗಳಲ್ಲಿ ಅನೇಕವು ವೈಫೈಯ ೨.೪ ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಗ್ರಹಿಸುವುವು. ಗೋಡೆಗಳನ್ನು ದಾಟುವುದರಲ್ಲಿ ಅದು ೫ ಗಿಗಾಹರ್ಟ್ಸಿಗಿಂತ ಸಮರ್ಥವಾದುದರಿಂದ ಹಳೆಯ ಮನೆಗೆ ಅನುಕೂಲವೇ. ತಂತಿ ಜೋಡಿಸುವ ಕಿಂಡಿಯೂ ಇದ್ದರೆ ವೈಫೈ ಕೈಕೊಟ್ಟ ದಿನ ಆಸರೆಯಾಗುವುದು. ಉರುಳೆ ಕಾಯುವಾಗ ಸಾವಿರ ವಾಟ್‌ನಷ್ಟು ವಿದ್ಯುತ್ತನ್ನು ಎಳೆಯಬಹುದಾದುದರಿಂದ ಮನೆಯ ಸಣ್ಣ ಯುಪಿಎಸ್‌ಗೆ ಇದನ್ನು ಜೋಡಿಸಬಾರದು. ಪಿಂಚಣಿಯ ಮನೆಯವರು ಯಂತ್ರದ ಬೆಲೆಗೆ ನಾಲ್ಕು ಟೋನರ್ ಡಬ್ಬಿಗಳ ಬೆಲೆಯನ್ನೂ ಕೂಡಿಸಿ ನೋಡತಕ್ಕದ್ದು. ಯಂತ್ರದೊಡನೆ ಬರುವ ಡಬ್ಬಿಗಳು ಹಲವು ವೇಳೆ ಪೂರ್ತಿ ತುಂಬಿರುವುದಿಲ್ಲ. ಇಷ್ಟನ್ನೂ ತೂಗಿ ಲೇಸರನ್ನೇ ಕೊಂಡೆವು.

ಗುರುಮುಖದಿಂದ ಬರಬೇಕಾದ ವಿದ್ಯೆಗೆ ಯಂತ್ರವೇಕೆಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಅವರ ಮಾತು ನಿಜ. ಕಾಗದವು ಧ್ವನಿಯನ್ನು ಕೊಡಲಾರದು. ಆದರೆ ಭಾನುವಾರ ಕೇಳಿದ ಸ್ವರವನ್ನು ಬುಧವಾರ ಕುಣಿಗಲಿನಲ್ಲಿ ಒಬ್ಬನೇ ಕುಳಿತು ನೆನೆಯುವ ಹುಡುಗನಿಗೆ ಆ ಕೆಂಪು ಗೆರೆಯು ನಮ್ಮ ಗುರುಗಳ ಬೆರಳಿನಂತೆ ಸ್ಥಾನವನ್ನು ತೋರಿಸೀತು. ನಮಗೆ ಬೇಕಾದುದು ಅಷ್ಟೇ.