ಅಜ್ಜಿಯ ಸಿಂಬಿ



ಈ ಸಲದ ಗೋಡೆ ಪತ್ರಿಕೆಗೆ ‘ನಮ್ಮ ಮನೆಯ ಒಂದು ವಸ್ತು’ ಎಂದು ವಿಷಯ ಕೊಟ್ಟಿದ್ದಾರೆ. ನನ್ನ ಬೆಂಚಿನ ಗೆಳತಿ ಹೊಲಿಗೆ ಮಷಿನ್ ಬಗ್ಗೆ ಬರೆದಿದ್ದಾಳೆ. ನಾನು ನಮ್ಮ ಅಜ್ಜಿ ಮಾಡಿದ ಸಿಂಬಿ ಬಗ್ಗೆ ಬರೆಯುತ್ತೇನೆ.

ಸಿಂಬಿ ಅಂದರೆ ಕೊಡ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳುವುದು, ನಿಮಗೆಲ್ಲಾ ಗೊತ್ತು. ಹಳೆ ಸೀರೆ ಸುತ್ತಿದರೆ ಸಿಂಬಿ ಆಯ್ತು. ಆದರೆ ನಮ್ಮ ತಾಂಡಾದಲ್ಲಿ ಮದುವೆಗೆಂದು ಮಾಡುವ ಸಿಂಬಿ ಬೇರೆ. ಅದಕ್ಕೆ ಸುತ್ತಲೂ ಕವಡೆ ಹೊಲಿದಿರುತ್ತಾರೆ. ಹಿಂದುಗಡೆ ಬೆನ್ನಿನ ಮೇಲೆ ಇಳಿಬೀಳುವ ಕೆಂಪು ಬಟ್ಟೆ, ಅದರ ಮೇಲೆ ಕನ್ನಡಿ ಚೂರು, ಬಿಳಿ ಮಣಿ, ಅಂಚಿಗೆ ಉಣ್ಣೆಯ ಗೊಂಡೆ. ನಮ್ಮ ಮನೆಯ ಸಿಂಬಿಯಲ್ಲಿ ಕವಡೆ ಎಣಿಸಿದ್ದೇನೆ, 92 ಇವೆ. ಮಣಿ ಎಣಿಸಲು ಎರಡು ಸಲ ಕುಳಿತೆ, ಎರಡು ಸಲವೂ ತಮ್ಮ ಬಂದು ಲೆಕ್ಕ ತಪ್ಪಿಸಿದ.

ಇದನ್ನು ಅಜ್ಜಿ ನಮ್ಮ ಯಾಡಿಯ ಮದುವೆಗೆ ಮಾಡಿಕೊಟ್ಟಿದ್ದು. ಯಾಡಿ ಅಂದರೆ ನಮ್ಮ ಮಾತಿನಲ್ಲಿ ಅವ್ವ. ಅಜ್ಜಿ ಅವಳ ತಾಯಿ. ಒಬ್ಬಳೇ ಮಗಳು ಅಂತ ನಮ್ಮ ಹತ್ತಿರವೇ ಇದ್ದಾಳೆ.

ಮಣಿ, ಕವಡೆ ಎಲ್ಲಾ ಬಟ್ಟೆ ಮೇಲೆ ಯಾಕೆ ಅಂತ ಅಜ್ಜಿಯನ್ನು ಒಮ್ಮೆ ಕೇಳಿದೆ. ‘ನಮ್ಮ ಹಿರಿಯರು ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗೋರು. ಮನಿ ಇಲ್ಲ, ಗ್ವಾಡಿ ಇಲ್ಲ. ಚಂದ ಮಾಡಬೇಕಂದ್ರ ಮೈಮ್ಯಾಲಿನ ಬಟ್ಟಿ ಒಂದ ಇತ್ತವ್ವಾ’ ಅಂದಳು. ರೈಲು, ರಸ್ತೆ ಬಂದ ಮೇಲೆ ಎತ್ತಿನ ವ್ಯಾಪಾರ ನಿಂತುಹೋಯಿತು ಎಂದು ಸಮಾಜದ ಸರ್ ಪಾಠದಲ್ಲಿ ಹೇಳಿದ್ದರು. ಕವಡೆ ಒಂದು ಕಾಲಕ್ಕೆ ದುಡ್ಡಿನ ಹಾಗೆ ನಡೆಯುತ್ತಿತ್ತಂತೆ. ಹಾಗೆ ನೋಡಿದರೆ ನಮ್ಮ ಅಜ್ಜಿ 92 ರೊಕ್ಕ ಹೊಲಿದಿದ್ದಾಳೆ!

ನಮ್ಮ ಮನೆಯಲ್ಲಿ ಮಕ್ಕಳನ್ನು ಬೆಳೆಸುವುದು, ಮಣಿ ಪೋಣಿಸುವುದು ಎರಡೂ ಒಂದೇ ಕಡೆ, ಅಜ್ಜಿಯ ತೊಡೆಯ ಹತ್ತಿರ ನಡೆಯುತ್ತದೆ. ತಮ್ಮ ಹಟ ಹಿಡಿದರೆ ಅವನ ಮುಂದೆ ಮಣಿಯ ಡಬ್ಬಿ ಇಟ್ಟು ‘ಬಿಳೀವು ಬ್ಯಾರೆ, ಕೆಂಪು ಬ್ಯಾರೆ ಮಾಡು’ ಅನ್ನುತ್ತಾಳೆ. ಮುಗಿಯುವಷ್ಟರಲ್ಲಿ ಅವನಿಗೆ ಹಟ ಮರೆತಿರುತ್ತದೆ. ನಾನು ಐದರ ಮಗ್ಗಿ ಕಲಿತದ್ದು ಮಣಿಯಿಂದಲೇ. ಐದು ಬಿಳಿ, ಒಂದು ಕೆಂಪು, ಮತ್ತೆ ಐದು ಬಿಳಿ. ಆದರೆ ಏಳು ವರ್ಷ ತುಂಬುವವರೆಗೆ ಸೂಜಿ ಮುಟ್ಟಲು ಬಿಡಲಿಲ್ಲ. ಬಾಯಲ್ಲಿ ಮಣಿ ಹಾಕಿಕೊಂಡರೆ ಮಾತ್ರ ಏಟು ಗ್ಯಾರಂಟಿ.

ದೀಪಾವಳಿ ಮುಗಿದ ಮೇಲೆ ಯಾಡಿ, ಅಪ್ಪ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ನಮ್ಮ ತಾಂಡಾದ ಅರ್ಧ ಮನೆಗಳಿಗೆ ಆಗ ಬೀಗ. ಹೋದ ವರ್ಷ ತಮ್ಮ ರಾತ್ರಿ ಎದ್ದು ಅಳುತ್ತಿದ್ದ. ಅಜ್ಜಿ ಒಂದು ದಾರ ಕೊಟ್ಟು, ‘ದಿನಾ ಒಂದು ಮಣಿ ಹಾಕು, ದಾರ ತುಂಬಿದ ದಿನ ಯಾಡಿ ಬರ್ತಾಳ’ ಅಂದಳು. ಮೂರು ದಿನ ಸರಿಯಾಗಿ ಹಾಕಿದ. ನಾಲ್ಕನೇ ದಿನ ನೋಡಿದರೆ ದಾರ ತುಂಬಿಬಿಟ್ಟಿದೆ! ಬಾಗಿಲಲ್ಲಿ ಕುಳಿತು ದಾರಿ ನೋಡುತ್ತಿದ್ದಾನೆ. ನನಗೆ ನಗು ಬಂತು. ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ದಾರ ಬಿಚ್ಚಿ, ಮಣಿ ಡಬ್ಬಿಗೆ ಹಾಕಿ, ‘ಹತ್ತು ರೊಟ್ಟಿ ಒಮ್ಮೆಲೆ ತಿಂದ್ರ ಹತ್ತು ದಿನ ಹಸಿವಾಗೂದಿಲ್ಲೇನು?’ ಅಂತ ಕೇಳಿದಳು. ಅವನು ಬಹಳ ಹೊತ್ತು ಯೋಚಿಸಿ ‘ಆಗತೈತಿ’ ಅಂದ. ಮತ್ತೆ ಒಂದರಿಂದ ಶುರು.

ಯಾಡಿಗೆ ಮಾತ್ರ ನಾನು ಸೂಜಿ ಹಿಡಿಯುವುದು ಅಷ್ಟಾಗಿ ಇಷ್ಟವಿಲ್ಲ. ‘ಮೊದಲ ಹೋಂವರ್ಕ್ ಮಾಡು. ನನ್ನಂಗ ನೀನು ಕೊಯ್ತಾ ಹಿಡೀಬ್ಯಾಡ’ ಅನ್ನುತ್ತಾಳೆ. ಅವಳ ಮಾತೂ ಸುಳ್ಳಲ್ಲ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದವರು 1755 ಲಂಬಾಣಿ ಕಸೂತಿ ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಸೇರಿ ಮಾಡಿದ ಕೆಲಸ ಅದು. ನಾನು ಓದಿ ಹೇಳಿದಾಗ ಅಜ್ಜಿಗೆ ಖುಷಿ ಆಯ್ತು. ಯಾಡಿ ಮಾತ್ರ, ‘ಸಂಡೂರಾಗ ಕೇಂದ್ರ ಐತಿ, ಕೂಲಿ ಸಿಗತೈತಿ. ನಮ್ಮ ತಾಂಡಾದಾಗ ಏನೈತಿ?’ ಅಂದಳು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ತಾಂಡಾಕ್ಕೆ ಬರುವವನು ಒಬ್ಬ ವ್ಯಾಪಾರಿ, ವರ್ಷಕ್ಕೊಮ್ಮೆ ಬೈಕಿನ ಮೇಲೆ. ಹಳೆ ಕಸೂತಿ ಬಟ್ಟೆ ಕೊಂಡು, ಕತ್ತರಿಸಿ, ಪೇಟೆಯಲ್ಲಿ ಚೀಲಕ್ಕೆ ಹಚ್ಚಿ ಮಾರುತ್ತಾರಂತೆ. ನಮ್ಮ ಓಣಿಯಲ್ಲಿ ಎಷ್ಟೋ ಮದುವೆಯ ಬಟ್ಟೆಗಳು ಹೀಗೇ ಹೋಗಿವೆ. ಈ ಸಲ ಅವನು ನಮ್ಮ ಸಿಂಬಿ ನೋಡಿ ಒಳ್ಳೆ ಬೆಲೆ ಹೇಳಿದ. ನನ್ನ ಪಿ.ಯು.ಸಿ. ಅಡ್ಮಿಷನ್‌ಗೆ ಆಗುತ್ತದೆ ಅಂತ ಯಾಡಿಯೇ ‘ಕೊಡೋಣು’ ಅಂದಳು. ಅವಳ ಮದುವೆಯ ಸಿಂಬಿ ಅದು, ಕೊಡುವ ಹಕ್ಕು ಅವಳದೇ. ಹೇಳುವಾಗ ಮಾತ್ರ ಅವಳು ಸಿಂಬಿಯ ಕಡೆ ನೋಡಲಿಲ್ಲ.

ಅಜ್ಜಿ ಬೇಡ ಅನ್ನುತ್ತಾಳೆ ಅಂತ ನಾನು ಕಾದೆ. ಅವಳು ಅನ್ನಲಿಲ್ಲ. ಸಿಂಬಿ ತಂದು ನನ್ನ ಮುಂದೆ ಇಟ್ಟು, ‘ಇದನ್ನ ನೋಡಿಕೋತ ಇಂಥಾದ ಇನ್ನೊಂದು ಮಾಡು. ಮುಗಿದ ಮ್ಯಾಲೆ ಹಳೇದು ಕೊಡ್ರಿ’ ಅಂದಳು. ಯಾಡಿಯೂ ಒಪ್ಪಿದಳು. ಆದರೆ ರಾತ್ರಿ ಓದು ಮುಗಿದ ಮೇಲೆ ಒಂದು ತಾಸು ಮಾತ್ರ ಎಂದು ಕರಾರು ಹಾಕಿದ್ದಾಳೆ.

ನಮ್ಮ ಕಸೂತಿಯಲ್ಲಿ 14 ಬಗೆಯ ಹೊಲಿಗೆ ಇವೆ. ನನಗೆ ಇಲ್ಲಿಯವರೆಗೆ ಆರು ಬಂದಿವೆ. ಅಜ್ಜಿಯ ಕಣ್ಣು ಮಂಜಾಗಿವೆ, ಆದರೂ ಬೆರಳಾಡಿಸಿ ನೋಡಿ ‘ಇಲ್ಲಿ ಸಡಲಾಗೈತಿ, ಬಿಚ್ಚು’ ಅನ್ನುತ್ತಾಳೆ. ನಿನ್ನೆ ಯಾಡಿ ರೊಟ್ಟಿ ಬಡಿಯುವುದು ಬಿಟ್ಟು ಬಂದು, ನನ್ನ ಕೈಯಿಂದ ಸೂಜಿ ಕಸಿದುಕೊಂಡು ಒಂದು ಮೂಲೆ ತಾನೇ ಹಾಕಿಕೊಟ್ಟಳು. ಎಷ್ಟು ಚಕಚಕ ಹಾಕಿದಳು ಅಂದರೆ ನಾನು ಸುಮ್ಮನೆ ನೋಡುತ್ತ ಕುಳಿತೆ.

ವ್ಯಾಪಾರಿ ಯುಗಾದಿ ಆದ ಮೇಲೆ ಬರುತ್ತೇನೆ ಅಂದಿದ್ದಾನೆ. ಕವಡೆ 61 ಹೊಲಿದಿದ್ದೇನೆ, ಇನ್ನು 31 ಉಳಿದಿವೆ. ಬಿಳಿ ಮಣಿ ಕಡಿಮೆ ಬಿದ್ದಿವೆ. ಸಂತೆಯಲ್ಲಿ ಸಿಗುವುದು ಪ್ಲಾಸ್ಟಿಕ್ ಮಣಿ, ಅಜ್ಜಿ ಅದನ್ನು ಮುಟ್ಟುವುದಿಲ್ಲ. ನಿಮ್ಮ ಮನೆಯಲ್ಲಿ ಹರಿದುಹೋದ ಹಳೆ ಮಣಿಸರ ಇದ್ದರೆ, ಗಾಜಿನವು ಆಗಿದ್ದರೆ, ದಯವಿಟ್ಟು ತಂದು ಕೊಡಿರಿ.

ನಿಮ್ಮ ಗೆಳತಿ,
10ನೇ ತರಗತಿ